ಹೆಸರಿಲ್ಲದ ಕಳ್ಳಿಗೆ ಕುಲ ಹುಡುಕುವುದು ಹೇಗೆ

ತುಮಕೂರಾಗಲಿ ಚಿಂತಾಮಣಿಯಾಗಲಿ, ನರ್ಸರಿಯಲ್ಲಿ ಕಳ್ಳಿಗಿಡಗಳ ಸಾಲಿಗೆಲ್ಲ ಒಂದೇ ಹೆಸರು: ಕ್ಯಾಕ್ಟಸ್. ಮನೆಗೆ ತಂದವರು ಎಲ್ಲವನ್ನೂ ಒಂದೇ ಮಣ್ಣಿಗೆ ಹಾಕಿ ಒಂದೇ ದಿನ ನೀರು ಕೊಡುತ್ತಾರೆ. ಮೆಕ್ಸಿಕೋದ ಕಲ್ಲಿನ ಇಳಿಜಾರಿನ ಗಿಡವೂ, ಮಧ್ಯ ಅಮೆರಿಕದ ಕಾಡಿನಲ್ಲಿ ಮರದ ಕೊಂಬೆ ಹಿಡಿದು ಬದುಕುವ ಗಿಡವೂ ಆ ಸಾಲಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ. ಒಂದು ಕೊಳೆಯುತ್ತದೆ, ಇನ್ನೊಂದು ಸೊರಗುತ್ತದೆ. ಕೊನೆಗೆ ‘ನಮ್ಮನೇಲಿ ಕಳ್ಳಿ ಬರಲ್ಲ’ ಎಂಬ ತೀರ್ಪು.

ಪ್ರಭೇದದವರೆಗೆ (ಸ್ಪೀಶೀಸ್) ಹೋಗಬೇಕಿಲ್ಲ. ಕುಲ (ಜೀನಸ್) ಗೊತ್ತಾದರೆ ಸಾಕು, ಮಣ್ಣು, ನೀರು, ಬಿಸಿಲು ಮೂರೂ ಹೆಚ್ಚುಕಡಿಮೆ ತೀರ್ಮಾನವಾದಂತೆ. ಕುಲದ ಹೆಸರುಗಳಲ್ಲಿ ಬಹುಪಾಲು ಗ್ರೀಕ್, ಲ್ಯಾಟಿನ್ ಮೂಲದವು. ಹೆಸರಿಟ್ಟವರು ಗಿಡದ ಯಾವ ಭಾಗ ಕಂಡು ಇಟ್ಟರೋ ಆ ಭಾಗವನ್ನೇ ನಾವೂ ನೋಡಿದರೆ ಅರ್ಧ ಕೆಲಸ ಮುಗಿಯಿತು. ಹಾಗಾಗಿ ಹೆಸರಿನ ಅರ್ಥ ತಿಳಿಯುವುದು ಪಾಂಡಿತ್ಯಕ್ಕಲ್ಲ, ಕಣ್ಣು ಎಲ್ಲಿ ಇಡಬೇಕು ಎನ್ನುವುದಕ್ಕೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ: 10 ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಉದ್ದ ಚಿಮುಟ, ಮಿಲಿಮೀಟರ್ ಗುರುತಿರುವ ಸ್ಕೇಲು, ಗುಂಡುಸೂಜಿ, ಮೊಬೈಲಿನ ಟಾರ್ಚ್. ಗಿಡ ಎತ್ತಲು ಹಳೆಯ ಪೇಪರನ್ನು ಮೂರು ಬೆರಳಗಲದ ಪಟ್ಟಿಯಾಗಿ ಮಡಚಿ ಸುತ್ತಿ ಹಿಡಿಯಿರಿ. ಬಟ್ಟೆಯ ಕೈಗವಸು ಬೇಡ. ಸಣ್ಣ ಮುಳ್ಳು ಅದರೊಳಗೆ ಸೇರಿಕೊಂಡರೆ ಮತ್ತೆ ಹೊರಬರುವುದಿಲ್ಲ.

ಮೊದಲು, ಅದು ಕ್ಯಾಕ್ಟಸ್ ಹೌದೇ?

ಬೇಲಿಯ ಚದುರಗಳ್ಳಿ, ಎಲೆಗಳ್ಳಿ ಕ್ಯಾಕ್ಟಸ್ ಅಲ್ಲ, ಯೂಫೋರ್ಬಿಯಾ ಎಂಬ ಬೇರೆಯೇ ಕುಲ. ಕತ್ತಾಳೆ, ಲೋಳೆಸರಗಳೂ ಬೇರೆ ಕುಟುಂಬದವು. ಕೋಲಾರದ ಅಂತರಗಂಗೆಯಂಥ ಬಂಡೆಬೆಟ್ಟಗಳಲ್ಲಿ ನೋಡಬಹುದಾದ ಕ್ಯಾರಲ್ಲೂಮಾ ಕೂಡ ಎಕ್ಕದ ಕಡೆಯ ಸಂಬಂಧಿ. (ಆ ಕುಲದ ಹೆಸರು ತೆಲುಗಿನಿಂದ ಹೋದದ್ದು ಎಂಬ ವಿವರಣೆಯೊಂದಿದೆ. ಗಡಿಭಾಗದವರಿಗೆ ಹಿಡಿಸುವ ವಿಷಯ.) ಕ್ಯಾಕ್ಟಸ್ ಕುಟುಂಬ ಪೂರ್ತಿ ಅಮೆರಿಕ ಖಂಡಗಳದ್ದು. ಒಂದೇ ಒಂದು ಪ್ರಭೇದ, ರಿಪ್ಸಾಲಿಸ್ ಬ್ಯಾಕ್ಸಿಫೆರಾ, ಆಫ್ರಿಕಾ, ಮಡಗಾಸ್ಕರ್, ಶ್ರೀಲಂಕಾಗಳಲ್ಲೂ ತಾನಾಗಿ ಬೆಳೆಯುತ್ತದೆ.

ಗುರುತು ಒಂದೇ: ಅರಿಯೋಲ್. ಮುಳ್ಳಿನ ಬುಡದಲ್ಲಿ ಭೂತಗನ್ನಡಿ ಇಟ್ಟು ನೋಡಿ. ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ನೇರವಾಗಿ ತೊಗಟೆಯಿಂದ ಬರುವುದಿಲ್ಲ. 1ರಿಂದ 10 ಮಿ.ಮೀ. ಅಗಲದ, ಉಣ್ಣೆಯಂಥ ರೋಮವಿರುವ ಒಂದು ಪುಟ್ಟ ಮೆತ್ತೆಯಿಂದ ಗೊಂಚಲಾಗಿ ಹೊರಡುತ್ತವೆ. ಆ ಮೆತ್ತೆಯೇ ಅರಿಯೋಲ್. ಮುಳ್ಳು, ಹೊಸ ಕೊಂಬೆ, ಹೂವು ಎಲ್ಲದರ ತವರೂ ಇದೇ. ಮುಳ್ಳೇ ಇಲ್ಲದ ಬ್ರಹ್ಮಕಮಲದ ಗಿಡದಲ್ಲಿಯೂ ಅಂಚಿನ ಕಚ್ಚಿನಲ್ಲಿ ಈ ಮೆತ್ತೆ ಸಿಗುತ್ತದೆ. ಚದುರಗಳ್ಳಿಯಲ್ಲಿ ಹೀಗಿಲ್ಲ. ಅಲ್ಲಿ ಗಟ್ಟಿ ಚಕ್ಕೆಯ ಮೇಲೆ ಎರಡೆರಡು ಮುಳ್ಳು ಜೋಡಿಯಾಗಿ ಕೂತಿರುತ್ತವೆ, ರೋಮದ ಮೆತ್ತೆ ಇರುವುದಿಲ್ಲ.

ಅನುಮಾನ ಉಳಿದರೆ ಗುಂಡುಸೂಜಿಯಿಂದ ಬುಡದ ಹತ್ತಿರ ಚುಚ್ಚಿ. ಬಿಳಿ ಹಾಲು ಚಿಮ್ಮಿದರೆ ಯೂಫೋರ್ಬಿಯಾ ಇರಬಹುದು. ‘ಇರಬಹುದು’ ಅಂದದ್ದು ಯಾಕೆಂದರೆ ಮ್ಯಾಮಿಲೇರಿಯಾದ ಕೆಲವು ಪ್ರಭೇದಗಳಲ್ಲಿಯೂ ಹಾಲು ಬರುತ್ತದೆ. ಆದ್ದರಿಂದ ಹಾಲಿನ ಪರೀಕ್ಷೆಯನ್ನು ಅರಿಯೋಲ್ ನೋಡಿದ ಮೇಲೆ ಮಾಡಿ, ಮೊದಲಲ್ಲ. ಯೂಫೋರ್ಬಿಯಾದ ಹಾಲು ಕಣ್ಣಿಗೆ ಬಿದ್ದರೆ 15–20 ನಿಮಿಷ ಶುದ್ಧ ನೀರು ಬಿಟ್ಟು ತೊಳೆದು ವೈದ್ಯರ ಹತ್ತಿರ ಹೋಗಲೇಬೇಕು.

ಹೆಸರಿನ ತುಂಡುಗಳು

ಕ್ಯಾಕ್ಟಸ್ ಎಂಬ ಹೆಸರಿನ ಕುಲ ಇವತ್ತು ಇಲ್ಲ. ‘ಕಾಕ್ಟೋಸ್’ ಎಂದು ಗ್ರೀಕರು ಕರೆದದ್ದು ಸಿಸಿಲಿಯ ಯಾವುದೋ ಮುಳ್ಳುಗಿಡವನ್ನು, ಬಹುಶಃ ಕಾಡು ಆರ್ಟಿಚೋಕ್ ಜಾತಿಯದನ್ನು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಆಗ ಗೊತ್ತಿದ್ದ ಎಲ್ಲ ಕಳ್ಳಿಗಳನ್ನೂ ಆ ಒಂದೇ ಹೆಸರಿನಡಿ ಸೇರಿಸಿದ. ಮರುವರ್ಷವೇ, 1754ರಲ್ಲಿ, ಲಂಡನ್ನಿನ ತೋಟಗಾರ ಫಿಲಿಪ್ ಮಿಲ್ಲರ್ ಅದನ್ನು ಒಡೆದು ಒಪುಂಟಿಯಾ, ಸೀರಿಯಸ್, ಪೆರೆಸ್ಕಿಯಾ ಎಂದು ಬೇರೆ ಮಾಡಿದ. ನಮಗೆ ಬೇಕಾದ ದೊಡ್ಡ ಭಾಗ ಅಲ್ಲಿಂದಲೇ ಶುರುವಾಗುತ್ತದೆ.

ಹೆಸರುಗಳನ್ನು ಬಿಡಿಸುವ ಕೀಲಿ ಹೀಗಿದೆ. ‘ಸೀರಿಯಸ್’ ಅಂದರೆ ಲ್ಯಾಟಿನ್ನಿನಲ್ಲಿ ಮೇಣದ ಬತ್ತಿ; ಹೆಸರಿನ ಕೊನೆಗೆ ಇದು ಬಂದರೆ ಗಿಡ ಕಂಬದ ಹಾಗೋ ಹಂಬಿನ ಹಾಗೋ ಉದ್ದ ಬೆಳೆಯುತ್ತದೆ. ‘ಎಕೈನೋಸ್’ ಗ್ರೀಕಿನಲ್ಲಿ ಮುಳ್ಳುಹಂದಿಯಂಥ ಪುಟ್ಟ ಪ್ರಾಣಿ, ಕಡಲಿನ ಮುಳ್ಳುಗುಂಡು ಎರಡಕ್ಕೂ ಹೆಸರು; ‘ಎಕೈನೋ’ ಎಂದು ಶುರುವಾದರೆ ಗುಂಡಗೆ, ಮುಳ್ಳು ದಟ್ಟ. ‘ಜಿಮ್ನೋ’ ಬೋಳು, ‘ಆಸ್ಟ್ರೋ’ ನಕ್ಷತ್ರ, ‘ಪ್ಯಾಕಿ’ ದಪ್ಪ, ‘ಸೆಫಲೋ’ ತಲೆ, ‘ಕ್ಲೈಸ್ಟೋ’ ಮುಚ್ಚಿದ್ದು, ‘ಆಪ್ಸಿಸ್’ ಅದರಂತೆ ಕಾಣುವುದು. ಎಕೈನಾಪ್ಸಿಸ್ ಎಂದರೆ ಮುಳ್ಳುಗುಂಡಿನಂತೆ ಕಾಣುವ ಗಿಡ.

ವ್ಯಕ್ತಿಗಳ ಹೆಸರು ಹೊತ್ತ ಕುಲಗಳಿಂದ ಗುರುತಿಗೆ ಏನೂ ಉಪಯೋಗವಿಲ್ಲ. ಪೆರೆಸ್ಕಿಯಾ ಫ್ರಾನ್ಸಿನ ವಿದ್ವಾಂಸ ಪೆರೆಸ್ಕ್ ಹೆಸರಿನದು, ರೆಬುಟಿಯಾ ಪಿಯರ್ ರೆಬ್ಯೂ ಎಂಬ ಫ್ರೆಂಚ್ ಕಳ್ಳಿ ವ್ಯಾಪಾರಿಯದು, ಶ್ಲುಂಬರ್ಗೆರಾ ಫ್ರೆಡರಿಕ್ ಶ್ಲುಂಬರ್ಗೆ ಎಂಬ ಸಂಗ್ರಾಹಕನದು. ಅರಿಝೋನಾದ ದೈತ್ಯ ಕಳ್ಳಿ ಸಗ್ವಾರೋಗೆ 1908ರಲ್ಲಿ ಬ್ರಿಟನ್ ಮತ್ತು ರೋಸ್ ಎಂಬ ಇಬ್ಬರು ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಕಾರ್ನೆಜಿಯಾ. ಉಕ್ಕಿನ ಧಣಿ ಆಂಡ್ರೂ ಕಾರ್ನೆಗಿಯ ಹೆಸರದು. ಲೋಬಿವಿಯಾ ಇನ್ನೂ ತಮಾಷೆ: ಬೊಲಿವಿಯಾ ಎಂಬ ದೇಶದ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿದ್ದಷ್ಟೆ.

ನೋಡುವ ಕ್ರಮ

ಕ್ರಮ ತಪ್ಪಬಾರದು, ಏಕೆಂದರೆ ಮೊದಲ ಹೆಜ್ಜೆಗಳಲ್ಲಿ ದೊಡ್ಡ ಗುಂಪುಗಳು ಕಳಚಿಹೋಗುತ್ತವೆ.

ನಿಜವಾದ, ಅಗಲವಾದ ಎಲೆ ಇದೆಯೇ? ಇದ್ದು, ಎಲೆಯ ಕಂಕುಳಲ್ಲಿ ಮುಳ್ಳಿನ ಗೊಂಚಲಿದ್ದರೆ ಪೆರೆಸ್ಕಿಯಾ ಗುಂಪು. ಇದು ಕಳ್ಳಿಯಂತೆಯೇ ಕಾಣದ ಪೊದೆ. ಮಾಮೂಲಿ ತೋಟದ ಮಣ್ಣು, ಮಾಮೂಲಿ ನೀರು ಸಾಕು. ಎಲೆ ಇಲ್ಲದಿದ್ದರೆ ಮುಂದೆ ಹೋಗಿ.

ಅರಿಯೋಲ್‌ನಲ್ಲಿ ದೊಡ್ಡ ಮುಳ್ಳಿನ ಜೊತೆಗೆ, ಅಥವಾ ಅದಿಲ್ಲದೆಯೇ, ರಾಗಿ ತೆನೆಯ ಸುಂಕಿಗಿಂತ ಸಣ್ಣದಾದ ಕಂದು-ಹಳದಿ ಕೂದಲಿನ ಕಟ್ಟು ಇದೆಯೇ? ಇವು ಗ್ಲೋಕಿಡ್. ಮುಟ್ಟಿದರೆ ಕಳಚಿ ಚರ್ಮಕ್ಕೆ ಹೋಗುತ್ತವೆ, ತುದಿಯಲ್ಲಿ ಹಿಂದಕ್ಕೆ ಬಾಗಿದ ಕೊಕ್ಕೆಗಳಿರುವುದರಿಂದ ಎಳೆದರೂ ಬರುವುದಿಲ್ಲ. ಇದ್ದರೆ ಒಪುಂಟಿಯಾ ಬಳಗ, ಮತ್ತೆ ಯೋಚಿಸಬೇಕಿಲ್ಲ. ಕೈಗೆ ಚುಚ್ಚಿಕೊಂಡರೆ ಉಜ್ಜಬೇಡಿ. ಫೆವಿಕಾಲ್ ತೆಳುವಾಗಿ ಹಚ್ಚಿ, ಮೇಲೊಂದು ತೆಳು ಬ್ಯಾಂಡೇಜ್ ಬಟ್ಟೆ ಅಂಟಿಸಿ, ಪೂರ್ತಿ ಒಣಗಿದ ಮೇಲೆ ಸುಲಿಯಿರಿ.

ಕಾಂಡ ಚಪ್ಪಟೆಯಾಗಿ, ಮುಳ್ಳಿಲ್ಲದೆ, ಜೋತುಬಿದ್ದಿದೆಯೇ? ಮೂರು ಏಣಿನ ಕಾಂಡದಿಂದ ಗಾಳಿಬೇರು ಬಂದಿದೆಯೇ? ಇವು ಕಾಡಿನ ಕಳ್ಳಿಗಳು.

ಎತ್ತರ ಅಗಲಕ್ಕಿಂತ ಮೂರುಪಟ್ಟು ಮೀರಿದೆಯೇ? ಕಂಬದ ಗುಂಪು. ಇಲ್ಲೊಂದು ಮೋಸವಿದೆ: ಬೆಳಕು ಸಾಲದೆ ಗುಂಡುಕಳ್ಳಿಯೂ ಉದ್ದ ಬರುತ್ತದೆ. ಆಗ ಮೇಲಿನ ಭಾಗ ತಿಳಿಹಸಿರು, ಮುಳ್ಳು ಸಣ್ಣ, ಅರಿಯೋಲ್‌ಗಳ ನಡುವೆ ಅಂತರ ಹೆಚ್ಚು. ಕೆಳಗಿನ ಹಳೆಯ ಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಉಳಿದದ್ದು ಗುಂಡು. ಮೈ ಮೇಲೆ ಉದ್ದುದ್ದ ಏಣುಗಳಿವೆಯೇ ಅಥವಾ ಬಿಡಿಬಿಡಿ ಗುಬುಟುಗಳಿವೆಯೇ ನೋಡಿ. ಇದೇ ಕೊನೆಯ ಕವಲು, ಕಷ್ಟದ ಕವಲೂ ಹೌದು.

ಪಾಪಾಸುಕಳ್ಳಿ, ಅಂದರೆ ಒಪುಂಟಿಯಾ

ಗ್ರೀಸಿನ ಓಪಸ್ ಎಂಬ ಹಳೆಯ ಊರಿನ ಸುತ್ತ ಬೆಳೆಯುತ್ತಿತ್ತೆಂದು ಪುರಾತನರು ಬರೆದ ಬೇರೊಂದು ಗಿಡದ ಹೆಸರು ಇದಕ್ಕೆ ಅಂಟಿತು. ಕನ್ನಡದ ಹೆಸರು ಅದಕ್ಕಿಂತ ಚೆನ್ನಾಗಿದೆ: ಪಾಪಾಸು ಅಂದರೆ ಪಾರಸಿ ಕಡೆಯಿಂದ ಬಂದ, ಕಾಲಿನ ಮೆಟ್ಟಿನ ಹೆಸರು. ಆ ಚಪ್ಪಟೆ ‘ಎಲೆ’ ನಿಜಕ್ಕೂ ಕಾಂಡ. ನಿಜವಾದ ಎಲೆ ಎಳೆಯ ತುಂಡಿನ ಮೇಲೆ ಸಣ್ಣ ಕೊಂಬಿನಂತೆ ಬಂದು ಕೆಲವೇ ವಾರಗಳಲ್ಲಿ ಉದುರುತ್ತದೆ.

ದಕ್ಷಿಣ ಭಾರತದ ಬೇಲಿ, ಗೋಮಾಳಗಳನ್ನು ಒಂದು ಕಾಲಕ್ಕೆ ಆವರಿಸಿದ್ದ ಪಾಪಾಸುಕಳ್ಳಿ ಈಗ ಅಲ್ಲಲ್ಲಿ ಮಾತ್ರ ಉಳಿದಿರುವುದಕ್ಕೆ ಒಂದು ಹುಳ ಕಾರಣ. 1926ರಲ್ಲಿ ಶ್ರೀಲಂಕಾದಿಂದ ತರಿಸಿ ಬಿಟ್ಟ ಡ್ಯಾಕ್ಟಿಲೋಪಿಯಸ್ ಒಪುಂಟಿಯೆ ಎಂಬ ಕೊಚಿನೀಲ್ ಜಾತಿಯ ಕೀಟ ಅದನ್ನು ಹೀರಿ ಒಣಗಿಸಿತು. ಕಳೆಯನ್ನು ಕೀಟದಿಂದ ಮಣಿಸಿದ ಕೆಲಸಗಳಲ್ಲಿ ಇದು ಹೆಸರಾದದ್ದು. ಆ ಕೀಟ ಇನ್ನೂ ಇದೆ, ನಿಮ್ಮ ಕುಂಡಕ್ಕೂ ಬರಬಹುದು. ಬಿಳಿ ಹತ್ತಿಯಂಥ ಚುಕ್ಕೆಯನ್ನು ಕಡ್ಡಿಯಿಂದ ಒರೆಸಿ ಅರೆಯಿರಿ. ಕಡುಗೆಂಪು ಬಣ್ಣ ಬಂದರೆ ಕೊಚಿನೀಲ್, ಬರದಿದ್ದರೆ ಸಾಮಾನ್ಯವಾಗಿ ಹಿಟ್ಟು ತಿಗಣೆ.

ಬೆಳೆಸುವುದು ಸುಲಭ. ತುಂಡನ್ನು ಕೀಲಿನಲ್ಲಿ ಮುರಿದು, ನೆರಳಲ್ಲಿ 7–10 ದಿನ ಒಣಗಿಸಿ, ಮೂರನೇ ಒಂದು ಭಾಗ ಮಣ್ಣಿಗಿಳಿಸಿ. ಪೂರ್ತಿ ಬಿಸಿಲು ಬೇಕು. ಆದರೆ ನೆಲದಲ್ಲಿ, ಹೊಲದಂಚಿನಲ್ಲಿ ನೆಡಬೇಡಿ. ಕತ್ತರಿಸಿದ ತುಂಡು ಬಿದ್ದಲ್ಲೇ ಬೇರೂರುತ್ತದೆ. ಬೇಡದ ತುಂಡನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕೊಳೆತ ಮೇಲೆಯೇ ಎಸೆಯಿರಿ.

ಮನೆಯ ಬ್ರಹ್ಮಕಮಲ ಮತ್ತು ಅದರ ನೆಂಟರು

ನಮ್ಮಲ್ಲಿ ಬ್ರಹ್ಮಕಮಲವೆಂದು ಪೂಜಿಸುವ, ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುವ ಹೂವು ಎಪಿಫಿಲ್ಲಮ್ ಆಕ್ಸಿಪೆಟಲಮ್, ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಳ್ಳಿ. ಹಿಮಾಲಯದ ಬ್ರಹ್ಮಕಮಲ ಸೂರ್ಯಕಾಂತಿ ಕುಟುಂಬದ ಬೇರೆಯೇ ಗಿಡ. 1812ರಲ್ಲಿ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಹಾವರ್ತ್ ಇಟ್ಟ ‘ಎಪಿಫಿಲ್ಲಮ್’ ಎಂದರೆ ‘ಎಲೆಯ ಮೇಲೆ’, ಎಲೆಯ ಮೇಲೆ ಹೂ ಬಿಡುವುದು. ಕಣ್ಣಿಗೆ ಕಾಣುವುದು ಹಾಗೆಯೇ, ಆದರೆ ಅದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಹೆಸರೇ ತಪ್ಪು ದಾರಿಗೆಳೆಯುವ ಕುಲ ಇದು. ಅಂಚಿನ ಕಚ್ಚಿನಲ್ಲಿ ಅರಿಯೋಲ್ ಹುಡುಕಿದರೆ ಗೊಂದಲ ತೀರುತ್ತದೆ.

ಈ ಗಿಡ ಮರದ ಕವಲಿನ ತರಗು ಗೊಬ್ಬರದಲ್ಲಿ ಬೆಳೆಯುವಂಥದ್ದು. ಜಲ್ಲಿ-ಮರಳಿನ ಮಣ್ಣಿಗೆ ಹಾಕಿ ತಾರಸಿಯ ಬಿಸಿಲಲ್ಲಿಟ್ಟರೆ ಹಳದಿಯಾಗಿ, ಕೆಂಪಡರಿ ನಿಂತುಬಿಡುತ್ತದೆ. ಬೆಳಗಿನ ಎರಡು ಮೂರು ಗಂಟೆಯ ಎಳೆಬಿಸಿಲು, ಆಮೇಲೆ ನೆರಳು. ಏಪ್ರಿಲ್–ಮೇನಲ್ಲಿ ಶೇ. 75ರ ಶೇಡ್ ನೆಟ್. ಮಣ್ಣಿನ ಅಳತೆ: ತೆಂಗಿನ ಸಿಪ್ಪೆಯ ಬೆರಳ ತುದಿಯಷ್ಟು ತುಂಡುಗಳು 4 ಡಬ್ಬ, ಎರೆಗೊಬ್ಬರ 3, ಬೇಬಿ ಜಲ್ಲಿ 2, ಇದ್ದಿಲು 1. ಸಿಪ್ಪೆಗೆ ತಿಪಟೂರಿನ ಕಡೆಯವರು ಯಾರನ್ನೂ ಕೇಳಬೇಕಿಲ್ಲ, ಆದರೆ ಹಸಿ ಸಿಪ್ಪೆ ಹಾಕಬಾರದು. ಎರಡು ದಿನ ನೀರಲ್ಲಿ ನೆನೆಸಿ, ಕಂದು ನೀರು ಚೆಲ್ಲಿ, ಮತ್ತೆ ಎರಡು ಸಲ ತೊಳೆಯಿರಿ. ಉಪ್ಪು, ಟ್ಯಾನಿನ್ ಹೋಗದಿದ್ದರೆ ಬೇರಿನ ತುದಿ ಸುಡುತ್ತದೆ. 15–20 ಸೆಂ.ಮೀ. ತುಂಡನ್ನು ಬುಡದ ಕಡೆ ಕೆಳಗಾಗಿ ನೆಡಿ. ತಲೆಕೆಳಗು ನೆಟ್ಟದ್ದು ಬರುವುದಿಲ್ಲ, ಆದ್ದರಿಂದ ಕತ್ತರಿಸುವಾಗಲೇ ಬುಡಕ್ಕೆ ಗುರುತು ಹಾಕಿ.

ಡ್ರ್ಯಾಗನ್ ಹಣ್ಣು ಇದರ ಹತ್ತಿರದ ಬಂಧು. 1909ರ ಹೆಸರು ಹೈಲೋಸೀರಿಯಸ್, ಕಾಡಿನ ಸೀರಿಯಸ್. 2017ರಲ್ಲಿ ಅದನ್ನು ಸೆಲೆನಿಸೀರಿಯಸ್‌ಗೆ ಸೇರಿಸಿದರು. ಸೆಲೀನಿ ಗ್ರೀಕರ ಚಂದ್ರದೇವತೆ, ಹೂವು ರಾತ್ರಿಯದು. ಗುಜರಾತ್ ಸರ್ಕಾರ 2021ರಲ್ಲಿ ಕೊಟ್ಟ ‘ಕಮಲಂ’ ಮೂರನೆಯ ಹೆಸರು. ಹಳೆಯ ಪುಸ್ತಕ, ಹೊಸ ಪುಸ್ತಕ, ಸಬ್ಸಿಡಿ ಅರ್ಜಿ ಮೂರರಲ್ಲೂ ಬೇರೆ ಬೇರೆ ಬರೆದಿದ್ದರೂ ಗಿಡ ಒಂದೇ. ಇದಕ್ಕೆ ಗೊಬ್ಬರ, ನೀರು ಎರಡೂ ಬೇರೆ ಕಳ್ಳಿಗಿಂತ ಹೆಚ್ಚು.

ರಿಪ್ಸಾಲಿಸ್ ಎಂದರೆ ಹೆಣೆದ ಬುಟ್ಟಿಯ ಕಡ್ಡಿಯಂತಿರುವುದು. ದಾರದಂಥ ಕಾಂಡ, ಮಣಿಯಂಥ ಹಣ್ಣು. ಶ್ಲುಂಬರ್ಗೆರಾ ನವೆಂಬರ್‌ನಿಂದಾಚೆಗೆ ಹೂ ಬಿಡುತ್ತದೆ, ಉದ್ದ ರಾತ್ರಿಯೇ ಅದಕ್ಕೆ ಸೂಚನೆ. ರಾತ್ರಿಯಿಡೀ ದೀಪ ಉರಿಯುವ ಜಗಲಿಯಲ್ಲಿಟ್ಟರೆ ಮೊಗ್ಗು ಕಟ್ಟುವುದಿಲ್ಲ. ಮೊಗ್ಗು ಬಂದ ಮೇಲೆ ಕುಂಡದ ಜಾಗ ಬದಲಿಸಿದರೆ ಮೊಗ್ಗು ಉದುರುತ್ತದೆ. ಈ ಎರಡಕ್ಕೂ ಎಪಿಫಿಲ್ಲಮ್‌ನ ಮಣ್ಣೇ ಸಾಕು.

ಕಂಬಗಳು

ಸೀರಿಯಸ್‌ಗೆ ನಾಲ್ಕರಿಂದ ಎಂಟು ಎದ್ದುಕಾಣುವ ಏಣು, ನೀಲಿ-ಹಸಿರು ಮೈ, ರಾತ್ರಿ ಅರಳುವ ದೊಡ್ಡ ಬಿಳಿ ಹೂವು. ಹೂ ಒಣಗಿ ಉದುರಿದ ಮೇಲೂ ಹಣ್ಣಿನ ತುದಿಯಲ್ಲಿ ಶಲಾಕೆಯ (ಹೂವಿನ ನಡುವಿನ ಹೆಣ್ಣು ಭಾಗದ) ಕಡ್ಡಿ ಉಳಿದಿರುತ್ತದೆ, ಅದೇ ಖಚಿತ ಗುರುತು. ನರ್ಸರಿಯಲ್ಲಿ ‘ಫೇರಿ ಕ್ಯಾಸಲ್’ ಎಂದು ಸಿಗುವ ಗೋಪುರದ ಗುಚ್ಛ ಸೀರಿಯಸ್ ಅಲ್ಲ, ಅಕ್ಯಾಂಥೋಸೀರಿಯಸ್‌ನ ವಿಕೃತ ರೂಪ. ಕ್ಲೈಸ್ಟೋಕ್ಯಾಕ್ಟಸ್‌ನ ಹೂವು ಕೊಳವೆಯಂತೆ ಮುಚ್ಚಿಕೊಂಡೇ ಇರುತ್ತದೆ, ‘ಅರಳಲೇ ಇಲ್ಲ’ ಎಂದು ಕಾಯಬೇಡಿ. ಬಿಳಿ ಕೂದಲಿನ ಸೆಫಲೋಸೀರಿಯಸ್ ಸೆನಿಲಿಸ್ ಮೇಲೆ ಧೂಳು ಕೂತರೆ ನೀರು ಎರಚಬೇಡಿ, ಒಣ ಬ್ರಷ್ ಸಾಕು. ಗಡಸು ನೀರಿನ ಕಲೆ ಕೂದಲಿನಿಂದ ಹೋಗುವುದಿಲ್ಲ.

ಏಣಿನ ಗುಂಡುಗಳು: ಇಲ್ಲಿ ಹೂವಿನ ಕೊಳವೆ ನೋಡಬೇಕು

ಹಳದಿ ಮುಳ್ಳಿನ ದೊಡ್ಡ ಗುಂಡು, ಹೋಟೆಲು-ರೆಸಾರ್ಟುಗಳ ಅಂಗಳದಲ್ಲಿರುವುದು, ಎಕೈನೋಕ್ಯಾಕ್ಟಸ್ ಗ್ರುಸೋನಿ. ಜರ್ಮನಿಯ ಮಾಗ್ಡೆಬುರ್ಗ್‌ನ ಉದ್ಯಮಿ ಹೆರ್ಮನ್ ಗ್ರುಸೋನ್ ಹೆಸರಿನದು. 2014ರಲ್ಲಿ ಇದನ್ನು ಕ್ರೋನ್‌ಲೈನಿಯಾ ಎಂಬ ಬೇರೆ ಕುಲಕ್ಕೆ ಹಾಕಿದರು, ಆದರೂ ಮಾರುವವರು, ಕೊಳ್ಳುವವರು ಹಳೆಯ ಹೆಸರನ್ನೇ ಹಿಡಿದಿದ್ದಾರೆ. ನೆತ್ತಿಯಲ್ಲಿ ಹಳದಿ ಉಣ್ಣೆ. ಸುಮಾರು 35–40 ಸೆಂ.ಮೀ. ಅಗಲವಾಗುವವರೆಗೆ ಹೂ ನಿರೀಕ್ಷಿಸಬೇಡಿ.

ಇದನ್ನು ಫೆರೋಕ್ಯಾಕ್ಟಸ್ ಜೊತೆ ಬೆರೆಸುವುದು ಸಾಮಾನ್ಯ. ‘ಫೆರೋ’ ಇಲ್ಲಿ ಕಬ್ಬಿಣವಲ್ಲ, ‘ಫೆರಾಕ್ಸ್’, ಅಂದರೆ ಉಗ್ರ. ನಡುವಿನ ಮುಳ್ಳು ಹಲವು ಪ್ರಭೇದಗಳಲ್ಲಿ ಅಗಲವಾಗಿ, ಕೊಕ್ಕೆಯಾಗಿ ಬಾಗಿರುತ್ತದೆ. ಅರಿಯೋಲ್‌ನಲ್ಲಿ ಜೇನು ಒಸರುವ ಗ್ರಂಥಿಗಳಿವೆ, ಇರುವೆ ಮುತ್ತಿದರೆ ಅದೇ ಕಾರಣ. ಹೀರುವ ಕೀಟ ಇಲ್ಲವೆಂದು ನೋಡಿಕೊಂಡು ಬಿಟ್ಟುಬಿಡಿ. ಒಸರಿದ ಸಿಹಿಯ ಮೇಲೆ ಕಪ್ಪು ಬೂಷ್ಟು ಬೆಳೆದರೆ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ. ಹೂ ಬಂದಾಗ ವ್ಯತ್ಯಾಸ ನಿಚ್ಚಳ: ಎಕೈನೋಕ್ಯಾಕ್ಟಸ್‌ನ ಹೂಕೊಳವೆ ಉಣ್ಣೆ ತುಂಬಿದ್ದು, ಫೆರೋಕ್ಯಾಕ್ಟಸ್‌ನದು ಅಗಲ ಹುರುಪೆಯದ್ದು, ರೋಮವಿಲ್ಲ.

ಹೂಕೊಳವೆಯ ಈ ಪರೀಕ್ಷೆ ದಕ್ಷಿಣ ಅಮೆರಿಕದ ಸಣ್ಣ ಗುಂಡುಗಳಿಗೆ ಇನ್ನೂ ಮುಖ್ಯ. ಮೊಗ್ಗು 1 ಸೆಂ.ಮೀ. ಆದಾಗ ಭೂತಗನ್ನಡಿ ಹಿಡಿಯಿರಿ. ಹುರುಪೆಗಳು ನುಣ್ಣಗೆ, ಒಂದು ಕೂದಲೂ ಇಲ್ಲದಿದ್ದರೆ ಜಿಮ್ನೋಕ್ಯಾಲಿಸಿಯಮ್: ಹೆಸರೇ ಹೇಳುವಂತೆ ಬೋಳು ಮೊಗ್ಗು. ಹುರುಪೆಯ ಸಂದಿನಲ್ಲಿ ಕೂದಲಿದ್ದು, ಕೊಳವೆ ಗೇಣುದ್ದ ಬೆಳೆದು ಸಂಜೆ ಅರಳಿದರೆ ಎಕೈನಾಪ್ಸಿಸ್. ಉಣ್ಣೆಯ ಜೊತೆ ಗಡಸು ಬಿರುಗೂದಲೂ ಇದ್ದು, ಗಿಡ್ಡ ಹಳದಿ ಹೂವಾದರೆ ಪರೋಡಿಯಾ. ಹಳೆಯವರು ನೋಟೋಕ್ಯಾಕ್ಟಸ್ ಎನ್ನುತ್ತಿದ್ದದ್ದೂ ಈಗ ಇದರೊಳಗೇ ಇದೆ. ಹೂವಿಲ್ಲದ ದಿನಗಳಲ್ಲಿ ಜಿಮ್ನೋಕ್ಯಾಲಿಸಿಯಮ್‌ಗೆ ಇನ್ನೊಂದು ಗುರುತು, ಪ್ರತಿ ಅರಿಯೋಲ್‌ನ ಕೆಳಗೆ ಗದ್ದದಂತೆ ಉಬ್ಬಿದ ಗುಬುಟು.

ಜಿಮ್ನೋಕ್ಯಾಲಿಸಿಯಮ್‌ಗೆ ಪೂರ್ತಿ ಬಿಸಿಲು ಬೇಡ, ಶೇ. 50ರ ನೆಟ್ ಬೇಕು. ಅಂಗಡಿಯ ಕೆಂಪು, ಹಳದಿ ‘ಮೂನ್ ಕ್ಯಾಕ್ಟಸ್’ ಇದರದ್ದೇ ಪತ್ರಹರಿತ್ತಿಲ್ಲದ ರೂಪ. ತಾನಾಗಿ ಆಹಾರ ಮಾಡಿಕೊಳ್ಳಲಾರದು, ಆದ್ದರಿಂದ ಡ್ರ್ಯಾಗನ್ ಹಣ್ಣಿನ ಕಾಂಡದ ಮೇಲೆ ಕಸಿ ಮಾಡಿರುತ್ತಾರೆ. ಕೆಲವು ವರ್ಷಗಳಲ್ಲಿ ಕೆಳಗಿನ ಕಾಂಡ ಕಂದಾಗುತ್ತದೆ. ಬೇರು ಬಿಡಿಸಲು ಯತ್ನಿಸುವುದು ವ್ಯರ್ಥ. ಹೊಸ ಕಾಂಡಕ್ಕೆ ಮತ್ತೆ ಕಸಿ ಮಾಡಿ: ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಕಾಂಡದ ತಲೆ ನೇರ ಕತ್ತರಿಸಿ, ಮೂರು ಏಣಿನ ಅಂಚುಗಳನ್ನು ಇಳಿಜಾರು ಮಾಡಿ, ಗುಂಡಿನ ಬುಡವನ್ನೂ ಕತ್ತರಿಸಿ. ಎರಡರ ನಡುವಿನ ತಿಳಿ ಬಣ್ಣದ ಉಂಗುರಗಳು ಒಂದು ಕಡೆಯಾದರೂ ಒಂದರ ಮೇಲೊಂದು ಬರಬೇಕು. ಉಂಗುರಗಳ ಗಾತ್ರ ಹೊಂದದಿದ್ದರೆ ಗುಂಡನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಕೂರಿಸಿ. ಎರಡು ರಬ್ಬರ್ ಬ್ಯಾಂಡ್ ಅಡ್ಡಡ್ಡ ಹಾಕಿ 7–10 ದಿನ ನೆರಳಲ್ಲಿಡಿ. ಕಸಿಗೆ ಫೆಬ್ರವರಿ–ಮಾರ್ಚ್ ಒಳ್ಳೆಯದು. ಮಳೆಗಾಲದಲ್ಲಿ ಗಾಯ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ.

ಆಸ್ಟ್ರೋಫೈಟಮ್, ನಕ್ಷತ್ರಗಿಡ, ಗುರುತಿಸಲು ಕಷ್ಟವೇ ಇಲ್ಲ. ಮೇಲಿನಿಂದ ನೋಡಿದರೆ ನಾಲ್ಕೈದು ಅಥವಾ ಎಂಟು ಏಣು, ಮೈತುಂಬ ಬಿಳಿ ಚುಕ್ಕೆ. ಆ ಚುಕ್ಕೆ ರೋಗವಲ್ಲ, ರೋಮದ ಗೊಂಚಲು. ಔಷಧಿ ಹೊಡೆದು ಉಜ್ಜಬೇಡಿ.

ಮೆಲೋಕ್ಯಾಕ್ಟಸ್ ಎಂದರೆ ಕರಬೂಜದಂಥ ಕಳ್ಳಿ. ದೊಡ್ಡದಾದ ಮೇಲೆ ನೆತ್ತಿಯಲ್ಲಿ ಕೆಂಪು-ಬಿಳಿ ಉಣ್ಣೆಯ ಟೊಪ್ಪಿಗೆ ಬೆಳೆಯುತ್ತದೆ, ಅಲ್ಲಿಂದಾಚೆ ಹಸಿರು ಮೈ ದಪ್ಪವಾಗುವುದಿಲ್ಲ, ಟೊಪ್ಪಿಗೆ ಮಾತ್ರ ಎತ್ತರವಾಗುತ್ತದೆ. ಕೆರಿಬಿಯನ್ ಮತ್ತು ಬ್ರೆಜಿಲ್‌ನ ಬೆಚ್ಚನೆಯ ಜಾಗದ್ದು. ನಮ್ಮ ಡಿಸೆಂಬರ್–ಜನವರಿಯ ರಾತ್ರಿ 15 ಡಿಗ್ರಿಗಿಂತ ಇಳಿದಾಗ ಕುಂಡ ಒದ್ದೆಯಿದ್ದರೆ ಬೇರು ಹೋಗುತ್ತದೆ. ಆ ಎರಡು ತಿಂಗಳು ಪಶ್ಚಿಮದ ಗೋಡೆಗೆ ಒತ್ತಿ, ಬಹುಮಟ್ಟಿಗೆ ಒಣಗಿಸಿಡಿ.

ರೆಬುಟಿಯಾ, ಲೋಬಿವಿಯಾಗಳು ಆಂಡಿಸ್‌ನ ಎತ್ತರದವು. ಫೋಟೊ ನೋಡಿ ಆಸೆಪಡುವವರಿಗೆ ಒಂದು ಮಾತು: ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಬೇಸಿಗೆಯಲ್ಲಿ ಇವುಗಳಿಗೆ ದುಡ್ಡು ಹಾಕಬೇಡಿ.

ಗುಬುಟಿನ ಗುಂಡುಗಳು

ಮ್ಯಾಮಿಲೇರಿಯಾ ಲ್ಯಾಟಿನ್ನಿನ ‘ಮ್ಯಾಮಿಲ್ಲಾ’, ಮೊಲೆತೊಟ್ಟು ಎಂಬುದರಿಂದ ಬಂದದ್ದು. ಏಣಿಲ್ಲ, ಪ್ರತಿ ಮುಳ್ಳಿನ ಗೊಂಚಲೂ ತನ್ನದೇ ಗುಬುಟಿನ ತುದಿಯಲ್ಲಿರುತ್ತದೆ. ಗುಬುಟುಗಳು ಎರಡು ದಿಕ್ಕಿನ ಸುರುಳಿಯಲ್ಲಿ ಜೋಡಣೆಯಾಗಿರುತ್ತವೆ. ಸುರುಳಿಗಳನ್ನು ಎಣಿಸಿದರೆ ಸಾಮಾನ್ಯವಾಗಿ 8 ಮತ್ತು 13, ಅಥವಾ 13 ಮತ್ತು 21 ಸಿಗುತ್ತದೆ. ಹೂವು ಮುಳ್ಳಿನ ಜಾಗದಿಂದ ಬರುವುದಿಲ್ಲ, ಗುಬುಟುಗಳ ನಡುವಿನ ಸಂದಿನಿಂದ ಬರುತ್ತದೆ. ಅದಕ್ಕೇ ನೆತ್ತಿಯ ಸುತ್ತ ಹೂವಿನ ಬಳೆ.

ಕೋರಿಫ್ಯಾಂಥಾ ಇದರ ಅವಳಿಯಂತಿದೆ. ಹೆಸರಿನಲ್ಲೇ ಉತ್ತರ: ‘ಕೋರಿಫೆ’ ನೆತ್ತಿ, ‘ಆಂಥೋಸ್’ ಹೂವು. ಹೂವು ನೆತ್ತಿಯ ನಡುವೆಯೇ ಬರುತ್ತದೆ, ಬಳೆಯಾಗುವುದಿಲ್ಲ. ಹೂವಿಲ್ಲದಾಗ ಬೆಳೆದ ಗಿಡದ ಗುಬುಟಿನ ಮೇಲ್ಭಾಗ ನೋಡಿ. ಅರಿಯೋಲ್‌ನಿಂದ ಒಳಕ್ಕೆ ಒಂದು ಗೆರೆಯಂಥ ತೋಡು ಇದ್ದರೆ ಕೋರಿಫ್ಯಾಂಥಾ, ಇಲ್ಲದಿದ್ದರೆ ಮ್ಯಾಮಿಲೇರಿಯಾ. ಎಳೆ ಗಿಡದಲ್ಲಿ ತೋಡು ಮೂಡಿರುವುದಿಲ್ಲ, ಆಗ ಕಾಯಬೇಕಷ್ಟೆ.

ಮ್ಯಾಮಿಲೇರಿಯಾ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಈ ನಮ್ಮ ಮೂರೂ ಜಿಲ್ಲೆಗೆ ಹೇಳಿಮಾಡಿಸಿದ ಕುಲ. ಹಗಲು ಬಿಸಿಲು, ಡಿಸೆಂಬರಿನ ತಂಪು ರಾತ್ರಿ ಎರಡೂ ಸಿಗುತ್ತವೆ. ಆ ತಂಪಿನಲ್ಲಿ ನೀರು ಕಡಿಮೆ ಮಾಡಿದ ಗಿಡಕ್ಕೇ ಫೆಬ್ರವರಿಯಿಂದ ಹೂ. ಚಳಿಯಲ್ಲೂ ವಾರವಾರ ನೀರು ಕುಡಿದ ಗಿಡ ದಪ್ಪಗಾಗುತ್ತದೆ, ಹೂ ಕಟ್ಟುವುದಿಲ್ಲ.

ಮರುಭೂಮಿ ಕಳ್ಳಿಗಳ ಮಣ್ಣು, ನೀರು

ಅಳತೆ: ಜರಡಿ ಹಿಡಿದ 3–6 ಮಿ.ಮೀ. ಬೇಬಿ ಜಲ್ಲಿ 4 ಡಬ್ಬ, ತೊಳೆದ ದಪ್ಪ ಎಂ-ಸ್ಯಾಂಡ್ 2, ಇಟ್ಟಿಗೆ ಚೂರು 1, ಎರೆಗೊಬ್ಬರ 2, ಕೆಂಪು ಮಣ್ಣು 1. ಹತ್ತು ಲೀಟರ್ ಮಿಶ್ರಣಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಎಂ-ಸ್ಯಾಂಡನ್ನು ನೀರು ತಿಳಿಯಾಗುವವರೆಗೆ ತೊಳೆಯಲೇಬೇಕು. ಅದರಲ್ಲಿರುವ ಕಲ್ಲುಪುಡಿ ಮೂರು ನಾಲ್ಕು ನೀರಿಗೆ ತಳಕ್ಕಿಳಿದು ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಮೇಲೆ ಒಣಗಿ ಕಂಡರೂ ತಳದಲ್ಲಿ ನೀರು ನಿಂತಿರುತ್ತದೆ. ಕೆಂಪು ಮಣ್ಣು ಒಂದು ಪಾಲು ಮೀರಬಾರದು, ಅದರ ಜೇಡಿಯೂ ಅದೇ ಕೆಲಸ ಮಾಡುತ್ತದೆ. ಹೊಲಕ್ಕೆ ಬಂಗಾರವಾದ ಕೆರೆ ಗೋಡು ಕಳ್ಳಿಗೆ ವಿಷ. ಬರೀ ಕೋಕೋಪೀಟೂ ಬೇಡ: ಒದ್ದೆಯಾದರೆ ಬಿಡುವುದಿಲ್ಲ, ಪೂರ್ತಿ ಒಣಗಿದರೆ ನೀರು ಹೀರುವುದಿಲ್ಲ.

ಕುಂಡ ಗಿಡಕ್ಕಿಂತ 2 ಸೆಂ.ಮೀ. ಮಾತ್ರ ಅಗಲವಿರಲಿ. ಕುಂಡ ಬದಲಿಸಲು ಜನವರಿ ಕೊನೆಯಿಂದ ಮಾರ್ಚ್ ಸರಿಯಾದ ಕಾಲ. ನರ್ಸರಿಯ ಮಣ್ಣನ್ನು ಪೂರ್ತಿ ಉದುರಿಸಿ, ಬೇರಿನಲ್ಲಿ ಬಿಳಿ ಪುಡಿಯಂಥ ಹಿಟ್ಟು ತಿಗಣೆ ಇದೆಯೇ ನೋಡಿ, ಒಣ ಮಿಶ್ರಣದಲ್ಲಿ ನೆಟ್ಟು, ಕುತ್ತಿಗೆಯ ಸುತ್ತ 1 ಸೆಂ.ಮೀ. ಜಲ್ಲಿ ಹರಡಿ. ಮೊದಲ ನೀರು ಒಂದು ವಾರದ ಮೇಲೆ. ನೆಟ್ಟ ದಿನವೇ ನೀರು ಹಾಕಿದರೆ ಮುರಿದ ಬೇರಿನ ಗಾಯದಿಂದ ಕೊಳೆ ಶುರುವಾಗುತ್ತದೆ.

ಊದಿನಕಡ್ಡಿಯ ಬಿದಿರುಕಡ್ಡಿಯನ್ನು ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಡಿ. ಒಣಗಿ ಬಂದರೆ ಇನ್ನೂ ಮೂರು ದಿನ ತಾಳಿ, ಆಮೇಲೆ ತಳದ ತೂತಿನಿಂದ ಹರಿಯುವಷ್ಟು ಹಾಕಿ. 10 ಸೆಂ.ಮೀ. ಮಣ್ಣಿನ ಕುಂಡಕ್ಕೆ ಫೆಬ್ರವರಿ–ಏಪ್ರಿಲ್‌ನಲ್ಲಿ ಇದು ವಾರಕ್ಕೊಮ್ಮೆ, ಮೋಡದ ಜೂನ್–ಆಗಸ್ಟ್‌ನಲ್ಲಿ 10–12 ದಿನಕ್ಕೊಮ್ಮೆ, ಚಳಿಗಾಲದಲ್ಲಿ 3–4 ವಾರಕ್ಕೊಮ್ಮೆ ಬೀಳುತ್ತದೆ. ಬೇಸಿಗೆಯಲ್ಲಿ ಸಂಜೆ ಹಾಕಿ, ಕಳ್ಳಿಯ ಪತ್ರರಂಧ್ರಗಳು ತೆರೆಯುವುದು ರಾತ್ರಿ. ಸೆಪ್ಟೆಂಬರ್–ಅಕ್ಟೋಬರಿನ ಜೋರು ಮಳೆಗೆ ಮೇಲೆ ಪಾರದರ್ಶಕ ಶೀಟು ಬೇಕೇ ಬೇಕು. ಇಲ್ಲಿ ಸಾಯುವ ಕಳ್ಳಿಗಳಲ್ಲಿ ಹೆಚ್ಚಿನವು ಬರಕ್ಕಲ್ಲ, ಈ ಎರಡು ತಿಂಗಳಿಗೆ ಸಾಯುತ್ತವೆ.

ಬೋರ್‌ವೆಲ್ ನೀರು ಕುಂಡದಂಚಿನಲ್ಲಿ ಬಿಳಿ ಪಟ್ಟೆ ಕಟ್ಟಿದರೆ ಗಡಸು ಹೆಚ್ಚಿದೆ ಎಂದರ್ಥ. ಕ್ರಮೇಣ ಮಣ್ಣು ಕ್ಷಾರವಾಗಿ ಕಬ್ಬಿಣಾಂಶ ಸಿಗದೆ ಹೊಸ ಬೆಳವಣಿಗೆ ಹಳದಿಯಾಗುತ್ತದೆ. ಮಳೆನೀರು ಹಿಡಿದಿಡುವುದು ಉತ್ತಮ. ಇಲ್ಲವಾದರೆ 10 ಲೀಟರಿಗೆ 2 ಗ್ರಾಂ ನಿಂಬೆಹುಳಿ ಪುಡಿ ಕರಗಿಸಿ ಪಿಎಚ್ ಪಟ್ಟಿಯಲ್ಲಿ ನೋಡಿ, 6–6.5ಕ್ಕೆ ಬರುವವರೆಗೆ ಅರ್ಧ ಅರ್ಧ ಗ್ರಾಂ ಸೇರಿಸಿ. ಗೊಬ್ಬರಕ್ಕೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ, ನೀರಲ್ಲಿ ಕರಗುವ ಗೊಬ್ಬರ) ಲೀಟರಿಗೆ ಅರ್ಧ ಗ್ರಾಂ, ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ. ಯೂರಿಯಾ ಹಾಕಿದರೆ ಮೈ ಉಬ್ಬಿ ಸೀಳುತ್ತದೆ.

ನರ್ಸರಿಯ ನೆರಳಿನಿಂದ ನೇರ ತಾರಸಿಗೆ ಇಟ್ಟರೆ ಎರಡೇ ದಿನಕ್ಕೆ ದಕ್ಷಿಣ-ಪಶ್ಚಿಮದ ಕಡೆ ಬಿಳಿ-ಹಳದಿ ಮಚ್ಚೆ ಬೀಳುತ್ತದೆ. ಅದು ಮತ್ತೆ ಹಸಿರಾಗುವುದಿಲ್ಲ. ಶೇ. 50ರ ನೆಟ್ಟಿನಡಿ ಎರಡು ಮೂರು ವಾರ ಇಟ್ಟು ಒಗ್ಗಿಸಿ, ಕುಂಡವನ್ನು ಕಾಂಕ್ರೀಟಿನ ಮೇಲಲ್ಲ, ಇಟ್ಟಿಗೆಯ ಮೇಲೆ ಕೂರಿಸಿ.

ಹಿಟ್ಟು ತಿಗಣೆಗೆ ಶೇ. 70ರ ಸ್ಪಿರಿಟ್‌ನಲ್ಲಿ ಅದ್ದಿದ ಸಣ್ಣ ಬ್ರಷ್, ಸಂಜೆ ಹೊತ್ತು, ವಾರಕ್ಕೊಮ್ಮೆಯಂತೆ ಮೂರು ಸಲ. ಕೆಂಪು ನುಸಿ ಬಂದರೆ ನೆತ್ತಿಯ ಸುತ್ತ ತುಕ್ಕಿನ ಬಣ್ಣ ಹರಡುತ್ತದೆ. ಬಿಳಿ ಕಾಗದದ ಮೇಲೆ ಗಿಡ ತಟ್ಟಿ, ಉದುರಿದ ಚುಕ್ಕೆ ಓಡಾಡಿದರೆ ನುಸಿಯೇ. ದ್ರಾಕ್ಷಿ ಬೆಳೆಗಾರರಿಗೆ ಮಾರುವ ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಸಾಕು, ಆದರೆ 32 ಡಿಗ್ರಿ ಮೀರಿದ ದಿನ ಹೊಡೆದರೆ ಗಿಡವೇ ಸುಡುತ್ತದೆ.

ಬುಡ ಮೆತ್ತಗಾಗಿ ಕಂದಾಗಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಮೆತ್ತಗಿನ ಭಾಗಕ್ಕಿಂತ 2 ಸೆಂ.ಮೀ. ಮೇಲೆ ಕತ್ತರಿಸಿ, ಕೊಯ್ದ ಮುಖದ ನಡುವಿನ ಉಂಗುರ ನೋಡಿ. ಕಿತ್ತಳೆ ಅಥವಾ ಕಂದು ಚುಕ್ಕೆ ಒಂದಿದ್ದರೂ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ ಇನ್ನೊಂದು ಬಿಲ್ಲೆ ತೆಗೆಯಿರಿ, ಉಂಗುರ ಪೂರ್ತಿ ಶುಭ್ರವಾಗುವವರೆಗೆ. ಅಂಚನ್ನು ಪೆನ್ಸಿಲ್ ಕೆತ್ತಿದಂತೆ ಇಳಿಜಾರು ಮಾಡಿ ಗಂಧಕದ ಪುಡಿ ಸವರಿ, ಖಾಲಿ ಕುಂಡದ ಬಾಯಿಯ ಮೇಲೆ ನೆಟ್ಟಗೆ ನಿಲ್ಲಿಸಿ. ಸಣ್ಣ ಮ್ಯಾಮಿಲೇರಿಯಾಗೆ ಒಂದು ವಾರ, ತೋಳ್ದಪ್ಪದ ಸೀರಿಯಸ್‌ಗೆ ಮೂರು ವಾರ ಒಣಗಬೇಕು. ಮಲಗಿಸಿಟ್ಟರೆ ಬೇರು ಒಂದು ಪಕ್ಕದಿಂದ ಬರುತ್ತದೆ. ಆಮೇಲೆ ಒಣ ಜಲ್ಲಿಯ ಮೇಲೆ ಕೂರಿಸಿ, ಬಿಳಿ ಬೇರಿನ ತುದಿ ಕಂಡ ಮೇಲೆಯೇ ಮೊದಲ ನೀರು.